ಹೊಡೆಸಿಕೊಂಡವನ ಅಪೀಲು

ಮುಂಬಯಿ ಹೈಕೋರ್ಟಿನ ಕಾರಿಡಾರಿನ ಬೆಂಚಿನಲ್ಲಿ ಪಕ್ಕಕ್ಕೆ ಕೂತವರು ಮೊದಲು ಕೇಳುವುದು ಒಂದೇ ಪ್ರಶ್ನೆ. ಒಳಗಿರುವವರು ನಿಮಗೆ ಏನಾಗಬೇಕು? ಹೆಂಡತಿಯ ತಮ್ಮ ಎನ್ನುತ್ತಿದ್ದೆ. ಏನು ಕೇಸು? ಕೊಲೆ ಪ್ರಯತ್ನ. ಯಾರನ್ನು ಹೊಡೆದ? ನನ್ನನ್ನೇ. ಮಾತು ಅಲ್ಲಿಗೆ ನಿಲ್ಲುತ್ತಿತ್ತು. ಕೆಲವರು ಸ್ವಲ್ಪ ಸರಿದು ಕೂರುತ್ತಿದ್ದರು. ಮಗನ ಅಪೀಲಿಗಾಗಿ ಸೋಲಾಪುರದಿಂದ ಬರುತ್ತಿದ್ದ ಮುದುಕನೊಬ್ಬ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತನ್ನ ಡಬ್ಬಿಯಿಂದ ಒಂದು ಶೇಂಗಾ ಹೋಳಿಗೆ ತೆಗೆದುಕೊಟ್ಟ. ಪೆಟ್ಟು ತಲೆಗೇ ಬಿದ್ದಿರಬೇಕು ಅಂದುಕೊಂಡನೋ ಏನೋ. ಬಿದ್ದದ್ದೂ ತಲೆಗೇ.

ನಾನು ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವವನು. ಮೊದಲು ಲೇಥ್ ಮಶೀನಿನ ಮೇಲಿದ್ದೆ. ಬಲಗೈ ಮುಷ್ಟಿ ಕಟ್ಟದಂತಾದ ಮೇಲೆ ಸ್ಟೋರಿಗೆ ಹಾಕಿದರು. ಆ ಕೈ ಮುರಿದವನಿಗೆ ಸೆಷನ್ಸ್ ಕೋರ್ಟು ಹತ್ತು ವರ್ಷದ ಶಿಕ್ಷೆ ಕೊಟ್ಟಿತ್ತು. ಅದರಲ್ಲಿ ಆರು ವರ್ಷಕ್ಕೂ ಮಿಕ್ಕಿ ಅವನು ಕಳೆದಿದ್ದ. ಶಿಕ್ಷೆಯ ವಿರುದ್ಧ ಅವನು ಹಾಕಿದ ಅಪೀಲು ಅಷ್ಟೂ ಕಾಲ ಹೈಕೋರ್ಟಿನಲ್ಲಿ ಮಲಗಿಯೇ ಇತ್ತು. ಅದನ್ನು ಎಬ್ಬಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ನನ್ನ ಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ಅತ್ತೆ ವಿಜಯಪುರದ ಹತ್ತಿರದ ಹಳ್ಳಿಯಲ್ಲಿ ಮಂಡಿನೋವು ಹಿಡಿದು ಕೂತಿದ್ದರು. ಅವರಿಗೆ ಬೇರೆ ಗಂಡು ದಿಕ್ಕಿಲ್ಲ. ಇದ್ದವನು ಒಬ್ಬ ಮಗ, ಅವನು ಜೈಲಿನಲ್ಲಿ. ಇನ್ನೊಬ್ಬ ಅಳಿಯ, ಅವನು ನಾನು.

ಅಷ್ಟು ವರ್ಷ ಇಲ್ಲದ ಅವಸರ ಬಂದದ್ದು ಮಗಳ ಮದುವೆ ಗೊತ್ತಾದ ಮೇಲೆ. ನಮ್ಮ ಕಡೆ ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಅಕ್ಷತೆ ಬೀಳುವಾಗ ಅವಳ ಬೆನ್ನ ಹಿಂದೆ ನಿಲ್ಲುವವನೂ ಅವನೇ. ಅಪ್ಪ ಎಲ್ಲಿ ಎಂದು ಯಾರೂ ಕೇಳುವುದಿಲ್ಲ, ಸೋದರಮಾವ ಎಲ್ಲಿ ಎಂದು ಮಂಟಪವೆಲ್ಲ ಕೇಳುತ್ತದೆ. ಗಂಡಿನ ಮನೆಯವರು ಬೆಳಗಾವಿ ಕಡೆಯವರು, ಕಾಂದಿವಲಿಯಲ್ಲಿ ನೆಲೆಸಿದ ವ್ಯಾಪಾರಸ್ಥರು. ಅವರು ಹೂಂ ಎಂದು ಹೋದ ದಿನವೇ ನನ್ನ ಹೆಂಡತಿ ಪಾತ್ರೆ ತೊಳೆಯುತ್ತ, ತಿರುಗಿ ನೋಡದೆ ಹೇಳಿದಳು.

"ನನ್ನ ತಮ್ಮ ಇಲ್ದ ಆಕೀ ಮ್ಯಾಲ ಅಕ್ಷತಿ ಬೀಳಬಾರದ್ರಿ. ನೀವು ಏನರೆ ಮಾಡ್ರಿ."

ಏನರೆ ಮಾಡ್ರಿ ಅಂತೆ. ಹೈಕೋರ್ಟು ನಮ್ಮ ಬಿಲ್ಡಿಂಗಿನ ನೀರಿನ ಪಂಪು ಎಂದು ತಿಳಿದಿದ್ದಾಳೆ, ಹೋಗಿ ಗುಂಡಿ ಒತ್ತಿದರೆ ಶುರುವಾಗಲಿಕ್ಕೆ.

ಆ ಪೆಟ್ಟಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆಗ ನಾವು ದಹಿಸರಿನಲ್ಲೇ ಒಂದು ಚಾಳಿನಲ್ಲಿದ್ದೆವು. ಹೆಂಡತಿಯ ತಮ್ಮ ನಮ್ಮಲ್ಲೇ ಇದ್ದ. ಕಟ್ಟಡಗಳಲ್ಲಿ ಕಬ್ಬಿಣದ ಸರಳು ಬಗ್ಗಿಸುವ ಕೆಲಸ ಮಾಡುತ್ತಿದ್ದ. ದುಡಿತಕ್ಕೆ ಹಿಂದೆ ಬೀಳುವವನಲ್ಲ, ಆದರೆ ಕುಡಿಯುತ್ತಿದ್ದ. ಅವನಿಗೆ ಹೆಣ್ಣು ಕೊಡಲು ನಮ್ಮ ಕಡೆಯವರೇ ಗೋರೆಗಾಂವಿನಿಂದ ಬಂದರು. ಅವಲಕ್ಕಿ, ಚಹಾ ಎಲ್ಲ ಆಯಿತು. ಹೊರಡುವಾಗ ಹೆಣ್ಣಿನ ಅಪ್ಪ ನನ್ನನ್ನು ಗ್ಯಾಲರಿಯ ಮೂಲೆಗೆ ಕರೆದು ಕೇಳಿದರು.

"ಹುಡುಗಗ ಏನರೆ ಚಟ ಅದಾವೇನ್ರಿ?"

"ಕುಡೀತಾನ್ರಿ," ಎಂದೆ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಒಂದು ನಿಜ ಹೇಳಿ ಒಂದು ಮದುವೆ ಮುರಿದೆ. ಅದಕ್ಕೆ ಹೆಂಡತಿಯ ಮನೆಯವರು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಆದರೆ ಕೇಳಿದವರೂ ಹೆಣ್ಣು ಹೆತ್ತವರು, ನಾನೂ ಹೆಣ್ಣು ಹೆತ್ತವನು. ಈಗ ಬಂದು ಕೇಳಿದರೂ ಅದನ್ನೇ ಹೇಳುತ್ತೇನೆ.

ಒಂದೆರಡು ದಿನ ಅವನು ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ಸಂಜೆ ನಾನು ಕೆಲಸದಿಂದ ಬಂದು ಚಾಳಿನ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದಾಗ ಹಿಂದಿನಿಂದ ಸರಳು ಬಿತ್ತು. ಮೊದಲನೆಯದು ತಲೆಗೆ. ಎರಡನೆಯದಕ್ಕೆ ತಿರುಗಿ ಕೈ ಅಡ್ಡ ಕೊಟ್ಟೆ. ಕೈ ಹೋಯಿತು, ಜೀವ ಉಳಿಯಿತು. ನೀರಿಗೆ ನಿಂತಿದ್ದ ಹೆಂಗಸರೆಲ್ಲ ನೋಡಿದರು. ಅವರೇ ಅವನನ್ನು ಹಿಡಿದರು, ಅವರೇ ಕೋರ್ಟಿನಲ್ಲಿ ಸಾಕ್ಷಿ ಹೇಳಿದರು. ಅವನು ಮಾತ್ರ ಅಲ್ಲಿ ನಿಂತು, ನಾನು ಹೊಡೆದಿಲ್ಲ, ಗ್ಯಾಲರಿಗೆ ಒರಗಿಸಿಟ್ಟ ಸರಳು ಜಾರಿ ಬಿತ್ತು ಎಂದ. ಎರಡು ಸಲ ಜಾರಿತು, ಪಾಪ.

ಜಾರಿತು ಎಂಬ ಮಾತನ್ನು ಕೋರ್ಟು ನಂಬಲಿಲ್ಲ, ಅತ್ತೆ ನಂಬಿದರು. ನಂಬಿದರು ಎನ್ನುವುದಕ್ಕಿಂತ ಹಿಡಿದುಕೊಂಡರು. ಹಳ್ಳಿಯಲ್ಲಿ ಕೇಳಿದವರಿಗೆಲ್ಲ ಹಾಗೇ ಹೇಳಿದರು. ನನ್ನ ಹೆಂಡತಿ ಹಾಗೂ ಹೇಳಲಿಲ್ಲ, ಹೀಗೂ ಹೇಳಲಿಲ್ಲ. ನಿಮಗೆ ಪೆಟ್ಟಾತಲ್ಲ ಅವತ್ತು ಎನ್ನುತ್ತಿದ್ದಳು, ಮಳೆ ಬಂತಲ್ಲ ಅವತ್ತು ಎನ್ನುವ ಹಾಗೆ. ಅವನು ಹೊಡೆದ ಎಂಬ ಮಾತು ಆ ಮನೆತನದ ಯಾರ ಬಾಯಿಂದಲೂ ಬಂದದ್ದನ್ನು ನಾನು ಕೇಳಲಿಲ್ಲ. ಮುರಿದ ಕೈಗಿಂತ ಅದು ನನ್ನನ್ನು ಹೆಚ್ಚು ಉರಿಸಿತು.

ಇರಲಿ. ದಹಿಸರಿನಿಂದ ಲೋಕಲ್ ಹಿಡಿದು ಚರ್ಚ್‌ಗೇಟಿಗೆ ಹೋಗಿ ಬರುವುದು ಶುರುವಾಯಿತು. ಆ ದಿನ ಯಾವ ಯಾವ ಕೇಸು ಬರುತ್ತದೆ ಎಂಬುದಕ್ಕೆ ಅಲ್ಲಿ ಬೋರ್ಡ್ ಎನ್ನುತ್ತಾರೆ. ಬೋರ್ಡಿನಲ್ಲಿ ನಮ್ಮದು ಬಂದರೆ ರಜೆ ಹಾಕಿ ಓಡುವುದು. ಸಂಜೆತನಕ ಕೂತರೆ ನಮಗಿಂತ ಮೇಲಿನ ಕೇಸಿನಲ್ಲೇ ಹೊತ್ತು ಮುಗಿಯುವುದು. ನಾಟ್ ರೀಚ್ಡ್, ಎಂದು ವಕೀಲರು ಕೋಟು ತೆಗೆಯುತ್ತ ಹೇಳುವುದು. ಇನ್ನೊಂದು ಸಲ ಸರ್ಕಾರಿ ವಕೀಲರು ಸಮಯ ಕೇಳಿದರು. ಮತ್ತೊಂದು ಸಲ ಜಡ್ಜ್ ಬದಲಾಗಿ, ಹೊಸಬರಿಗೆ ಎಲ್ಲ ಮೊದಲಿನಿಂದ. ಕಾರ್ಖಾನೆಯ ಮ್ಯಾನೇಜರ್ ಕೇಳಿದರು, ಶಿಕ್ಷೆ ಅವನಿಗೋ ನಿಮಗೋ ಅಂತ. ನಾನು ನಗಲಿಲ್ಲ. ದಿನವಿಡೀ ಕೂತು ಎದ್ದು ಬರುವವನಿಗೆ ಅದು ಜೋಕಲ್ಲ.

ವಕೀಲರು ಮರಾಠಿಯವರು, ಒಳ್ಳೆಯ ಮನುಷ್ಯ. ಒಂದು ದಿನ ಕ್ಯಾಂಟೀನಿನಲ್ಲಿ ಕೂರಿಸಿ ಬಿಡಿಸಿ ಹೇಳಿದರು. ಇಷ್ಟು ಜನ ಕಣ್ಣಾರೆ ಕಂಡದ್ದನ್ನು ಯಾವ ಹೈಕೋರ್ಟೂ ಅಳಿಸುವುದಿಲ್ಲ. ಹೊಡೆದಿಲ್ಲ ಎಂದು ವಾದಿಸಿದರೆ ಸೋಲುವುದು ಖಂಡಿತ, ಉಳಿದ ವರ್ಷಗಳನ್ನೂ ಒಳಗೇ ಕಳೆಯಬೇಕು. ಅದರ ಬದಲು ಹೊಡೆದದ್ದು ನಿಜ, ಅದರ ಬಗ್ಗೆ ನಮ್ಮ ತಕರಾರಿಲ್ಲ, ಶಿಕ್ಷೆ ಮಾತ್ರ ಕಡಿಮೆ ಮಾಡಿ ಎಂದು ಕೇಳೋಣ. ಹೊಡೆಸಿಕೊಂಡವನೇ ಬಂದು ನನ್ನ ಅಡ್ಡಿಯಿಲ್ಲ ಎಂದರೆ, ಇಲ್ಲಿತನಕ ಕಳೆದದ್ದೇ ಸಾಕು ಎಂದು ಬಿಟ್ಟರೂ ಬಿಡಬಹುದು. ಆದರೆ ಇದಕ್ಕೆ ಅವನು ಒಪ್ಪಬೇಕು. ಒಪ್ಪಿ ಸಹಿ ಹಾಕಬೇಕು.

ನನ್ನ ಅಫಿಡವಿಟ್ಟು ಅವತ್ತೇ ತಯಾರಾಯಿತು. ಅದರಲ್ಲಿ, ನಾನು ಅವನನ್ನು ಮನಃಪೂರ್ವಕ ಕ್ಷಮಿಸಿದ್ದೇನೆ ಎಂದು ಬರೆದಿದ್ದರು. ಆ ಸಾಲು ತೆಗೆಯಿರಿ ಎಂದೆ. ಎಲ್ಲರೂ ಹೀಗೇ ಬರೆಯುತ್ತಾರೆ ಎಂದರು. ಬರೆಯಲಿ, ನಾನು ಕ್ಷಮಿಸಿಲ್ಲ, ಅಡ್ಡಿಯಿಲ್ಲ ಅಷ್ಟೇ ಎಂದೆ. ವಕೀಲರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ಆ ಸಾಲು ಹೊಡೆದುಹಾಕಿದರು.

ಅವನನ್ನು ಒಪ್ಪಿಸಲು ಜೈಲಿಗೂ ನಾನೇ ಹೋದೆ. ಕಲ್ಯಾಣ ದಾಟಿ ಘಟ್ಟ ಹತ್ತಿ ಹೋಗಬೇಕು. ಹೆಂಡತಿ ವರ್ಷಕ್ಕೊಂದೆರಡು ಸಲ ಹೋಗಿ ಬರುತ್ತಿದ್ದಳು. ನಾನು ಹೋದದ್ದು ಅದೇ ಮೊದಲು. ಮುಲಾಕಾತಿಗೆ ಗಾಜಿನ ಆಚೆ ಅವನನ್ನು ಕೂರಿಸಿ, ನನ್ನ ಕೈಗೆ ಫೋನು ಕೊಟ್ಟರು. ಕೂದಲು ನೆರೆತಿತ್ತು. ನನ್ನನ್ನು ಕಂಡವನು ಎದ್ದು ನಿಂತ, ಹೇಳಿದರೂ ಕೂರಲಿಲ್ಲ. ಅಕ್ಕನ ಗಂಡನನ್ನು ನಮ್ಮ ಕಡೆ ಮಾಮಾ ಎಂದೇ ಕರೆಯುವುದು.

"ಮಾಮಾ, ಕೈ ಹ್ಯಾಂಗದರಿ ಈಗ?"

"ಅದಿರ್ಲಿ," ಎಂದೆ. ವಕೀಲರು ಹೇಳಿದ್ದನ್ನೆಲ್ಲ ಹೇಳಿದೆ. ಅವನು ಕೇಳಿಸಿಕೊಂಡ. ಕೊನೆಗೆ ಹೇಳಿದ.

"ಆದ್ರ ನಾ ಹೊಡದಿಲ್ರಿ ಮಾಮಾ."

ಫೋನನ್ನು ಆ ಗಾಜಿಗೇ ಎಸೆಯಬೇಕು ಅನ್ನಿಸಿತು. ಹೊಡೆಸಿಕೊಂಡವನ ಎದುರಿಗೆ ನಿಂತು ಹೊಡೆದಿಲ್ಲ ಅನ್ನುವುದಕ್ಕೆ ಎಂಥ ಗಂಟಲು ಬೇಕು.

"ಹಂಗಾರ ಈ ಕೈ ದೇವರು ಮುರದಾನೇನು?"

ಅವನು ತಲೆ ಬಗ್ಗಿಸಿದ. ಸಣ್ಣಗೆ ಮಾತಾಡಿದ.

"ಅಪ್ಪ ಇರಲಿಲ್ಲಂತ ನಿಮ್ಮ ಲಗ್ನದಾಗ ನಿಮ್ಮ ಪಾದಾ ತೊಳದಾವ ನಾನು. ಅಕ್ಕನ ಗಂಡನ ಮ್ಯಾಲ ಕೈ ಎತ್ತೀನಂತ ಅದ ಬಾಯಿಲೆ ಹ್ಯಾಂಗ ಹೇಳ್ಲಿ? ಹೇಳಿದ ಮ್ಯಾಲ ಯಾರ ಮುಂದ ನಿಂದರ್ಲಿ? ಇಲ್ಲೇ ಇರತೀನಿ ಬಿಡ್ರಿ. ಇನ್ನೇನು ಬಾಳ ಉಳದಿಲ್ಲ."

ಅದು ನಿಜ. ನಮ್ಮ ಮದುವೆಯಲ್ಲಿ ಮಾವ ಇಲ್ಲದ್ದರಿಂದ, ಹಿತ್ತಾಳೆ ಪರಾತದಲ್ಲಿ ನನ್ನ ಪಾದ ಇಡಿಸಿ ತೊಳೆದವನು ಅವನೇ. ಆಗ ಅವನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ನಮ್ಮ ಮಂದಿಗೆ ಅಳಿಯ ದೇವರ ಸಮಾನವಂತೆ. ದೇವರಿಗೆ ಹೊಡೆಯಬಹುದು, ಹೊಡೆದೆ ಎಂದು ಹೇಳಬಾರದು. ಇಂಥ ಮರ್ಯಾದೆ ಯಾವ ಒಲೆಗೆ ಹಾಕಲಿಕ್ಕೆ? ಮರ್ಯಾದೆಗಾಗಿ ಮನುಷ್ಯ ಜೈಲಿನಲ್ಲೇ ಇರುತ್ತೇನೆ ಅನ್ನುತ್ತಾನೆ, ಇತ್ತ ಅಕ್ಕ ಮಗಳ ಮದುವೆಯೇ ಬೇಡ ಅನ್ನುತ್ತಾಳೆ.

"ನೀ ಬರದಿದ್ರ ನಿಮ್ಮ ಅಕ್ಕ ಲಗ್ನ ನಿಂದರಸ್ತಾಳ," ಎಂದೆ. "ಬಾಯಿಲೆ ಏನೂ ಹೇಳಬ್ಯಾಡ. ಸಹಿ ಹಾಕು ಸಾಕು."

ಮಗಳ ಹೆಸರು ಎತ್ತಿದಾಗ ಅವನ ಮುಖ ಬದಲಾಯಿತು. ಅವಳನ್ನು ಹೆಗಲ ಮೇಲೆ ಹೊತ್ತು ದಹಿಸರಿನ ಬಜಾರೆಲ್ಲ ತಿರುಗಿದವನು. ಹೂಂ ಎಂದ. ಆ ವಾರದಲ್ಲೇ ವಕೀಲರ ಕೈಗೆ ಅವನ ಸಹಿ ಬಂತು. ಬಾಯಿಂದ ಬಾರದ ಮಾತು ಪೆನ್ನಿನಿಂದ ಬಂತು, ನಾನೂ ಅಷ್ಟಕ್ಕೆ ತೃಪ್ತಿಪಡಬೇಕಿತ್ತು.

ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಿಗೆ, ಅಂತೂ ಒಂದು ಮಧ್ಯಾಹ್ನ ನಮ್ಮ ಕೇಸು ಕೂಗಿದರು. ನಾನೂ ಹೆಂಡತಿಯೂ ಹಿಂದಿನ ಸಾಲಿನಲ್ಲಿ ನಿಂತಿದ್ದೆವು. ಮಗಳು ಆಫೀಸಿಗೆ ಅರ್ಧ ದಿನ ರಜೆ ಹಾಕಿ ಗೋರೆಗಾಂವಿನಿಂದ ಬಂದಿದ್ದಳು. ಜೈಲಿನಿಂದ ಅವನನ್ನು ಪರದೆಯ ಮೇಲೆ ತೋರಿಸಿದರು. ಇಷ್ಟಗಲ ಮುಖ, ಹಿಂದೆ ಒಬ್ಬ ಪೊಲೀಸು. ನಮ್ಮ ವಕೀಲರು ತಕರಾರಿಲ್ಲ, ಶಿಕ್ಷೆ ಮಾತ್ರ ಎಂದರು. ಸರ್ಕಾರಿ ವಕೀಲರು, ಇದೆಲ್ಲ ಮನೆಯವರ ಒತ್ತಾಯ ಎಂದರು. ಜಡ್ಜ್ ನನ್ನ ಕಾಗದ ಓದಿ ತಲೆ ಎತ್ತಿದರು. ಇಂಥವರೆಲ್ಲ ಕ್ಷಮಿಸಿದ್ದೇನೆ ಎಂದು ಬರೆಯುತ್ತಾರೆ, ನಿಮ್ಮದರಲ್ಲಿ ಅದಿಲ್ಲ, ಕ್ಷಮಿಸಿಲ್ಲವೇ ಎಂದು ಮರಾಠಿಯಲ್ಲಿ ನನ್ನನ್ನೇ ಕೇಳಿದರು.

ವಕೀಲರು ಹಿಂದಿರುಗಿ ಕಣ್ಣಲ್ಲೇ ಸನ್ನೆ ಮಾಡಿದರು. ಹೆಂಡತಿ ನನ್ನ ಅಂಗಿಯ ತೋಳು ಹಿಡಿದಳು. ಒಂದು ಹೌದು ಎಂದಿದ್ದರೆ ಮುಗಿಯುತ್ತಿತ್ತು.

"ನಾಹಿ ಸಾಹೇಬ," ಎಂದೆ. ಕ್ಷಮಿಸಿಲ್ಲ. ಬಿಡಿರಿ ಅವನನ್ನು, ನನ್ನ ಅಡ್ಡಿಯಿಲ್ಲ. ಆದರೆ ಇಷ್ಟು ವರ್ಷದಲ್ಲಿ ಹೊಡೆದೆ ಎಂದು ಅವನು ಒಂದು ಸಲವೂ ಹೇಳಿಲ್ಲ. ಹೇಳದವನನ್ನು ನಾನು ಏನಂತ ಕ್ಷಮಿಸಲಿ?

ಸರ್ಕಾರಿ ವಕೀಲರ ಮುಖ ಅರಳಿತು. ಹೆಂಡತಿ ನನ್ನ ತೋಳು ಬಿಟ್ಟಳು. ಜಡ್ಜ್ ಪರದೆಯ ಕಡೆ ತಿರುಗಿದರು. ನೀನು ಸಹಿ ಹಾಕಿದ್ದು ತಿಳಿದು ಹಾಕಿದ್ದೋ, ಇಲ್ಲ ಯಾರಾದರೂ ಹಾಕಿಸಿದರೋ? ಇವರನ್ನು ನೀನು ಹೊಡೆದೆಯಾ?

ಯಂತ್ರ ಕೆಟ್ಟಿತೇನೋ ಎಂದು ಗುಮಾಸ್ತ ಎದ್ದು ನೋಡಿದ. ಆಮೇಲೆ ಅವನ ತುಟಿ ಅಲುಗಿತು, ಧ್ವನಿ ಸ್ವಲ್ಪ ತಡವಾಗಿ ಬಂತು.

"ಹೋ ಸಾಹೇಬ. ಮೀ ಮಾರಲಂ."

ಹೌದು, ಹೊಡೆದೆ. ನಾನು ಇಷ್ಟು ವರ್ಷ ಕಾದ ಮಾತು. ಅದು ಬಂದರೆ ಎದೆ ಹಗುರಾಗುತ್ತದೆ ಎಂದು ಎಣಿಸಿದ್ದೆ. ಅಂಥದ್ದೇನೂ ಆಗಲಿಲ್ಲ. ಪರದೆಯ ಮೇಲೆ ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ. ಅದನ್ನು ಜಡ್ಜ್, ವಕೀಲರು, ಅಕ್ಕ, ಅಕ್ಕನ ಮಗಳು, ಬೆಂಚಿನ ಮೇಲಿನ ಗುರುತಿಲ್ಲದ ಮಂದಿ ಎಲ್ಲ ನೋಡುತ್ತಿದ್ದರು. ಸಾಕು, ಆರಿಸಿ ಎಂದು ಕೂಗಬೇಕು ಅನ್ನಿಸಿತು.

ತಪ್ಪು ಒಪ್ಪಿಕೊಂಡಿದ್ದಾನೆ, ಆಗಲೇ ಬಹಳ ಕಳೆದಿದ್ದಾನೆ, ಇಷ್ಟೇ ಶಿಕ್ಷೆ ಸಾಕು, ಬಿಡಿ ಎಂದು ಜಡ್ಜ್ ಹೇಳಿ ಬರೆಸಿದರು. ಹೊರಗೆ ಬಂದ ಮೇಲೆ ವಕೀಲರು ನನ್ನ ಬೆನ್ನು ತಟ್ಟಿ, ಆ ಸಹಿಯೊಂದರಿಂದಲೇ ಆಗುತ್ತಿತ್ತು, ನೀವು ಸುಮ್ಮನೆ ಎಲ್ಲರ ಉಸಿರು ನಿಲ್ಲಿಸಿದಿರಿ ಎಂದು ನಕ್ಕರು. ಹೆಂಡತಿ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು, ಆದರೂ ಅವತ್ತು ಲೋಕಲ್‌ನಲ್ಲಿ ಮಂಟಪ, ಸೀರೆ, ತಮ್ಮನಿಗೆ ಹೊಸ ಧೋತರ ಎಂದು ಮಾತಾಡುತ್ತಲೇ ಇದ್ದಳು. ಮಗಳು ಮಾತ್ರ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಬೋರಿವಲಿ ದಾಟಿದ ಮೇಲೆ ಕೇಳಿದಳು.

"ಪಪ್ಪಾ, ಮಾಮಾಗೆ ಸಬಕೆ ಸಾಮನೇ ಬುಲವಾನಾ ಜರೂರಿ ಇತ್ತಾ?"

ಎಲ್ಲರ ಮುಂದೆ ಹೇಳಿಸುವುದು ಬೇಕಿತ್ತಾ ಎಂದು. ಅವಳ ಕನ್ನಡ ಹೀಗೇ, ಅರ್ಧ ದಾರಿಗೆ ಹಿಂದಿ ಹತ್ತಿಕೊಳ್ಳುತ್ತದೆ. ಕೇಳಿದ್ದು ನಾನಲ್ಲ ಜಡ್ಜ್, ಎಂದೆ. ಅವಳು ಮತ್ತೆ ಕಿಟಕಿಗೆ ತಿರುಗಿದಳು. ಕೈ ಮುರಿದದ್ದು ನನ್ನದು, ರಜೆ ಹೋದದ್ದು ನನ್ನದು, ಅವನು ಹೊರಗೆ ಬಂದದ್ದು ನನ್ನಿಂದ. ಅದರ ಮೇಲೆ ತಪ್ಪೂ ನನ್ನದೇ.

ಆದೇಶದ ಕಾಗದ ಜೈಲಿಗೆ ಹೋಗಿ ಮುಟ್ಟಲು ಇನ್ನಷ್ಟು ದಿನ ತಗೊಂಡಿತು. ಬಿಡುವ ದಿನ ನಾನು ಹೊಸ ಅಂಗಿ ಹಿಡಿದುಕೊಂಡು ಗೇಟಿಗೆ ಹೋದೆ. ಬೆಳಗ್ಗೆಯೇ ಹೋದರಲ್ಲ ಎಂದರು ಗೇಟಿನವರು. ಎಲ್ಲಿಗೆ ಎಂದರೆ ಅವರಿಗೇನು ಗೊತ್ತು. ಊರಿಗೂ ಹೋಗಿರಲಿಲ್ಲ. ಅತ್ತೆ ಫೋನಿನಲ್ಲಿ, ಅಳಿಯಾರ, ಎಲ್ಲಿ ಅದಾನ್ರಿ ನನ ಮಗ ಎಂದು ನನ್ನನ್ನೇ ಕೇಳಿದರು. ಮದುವೆಗೆ ಇನ್ನು ಕೆಲವೇ ದಿನ ಇದ್ದಾಗ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಹಿಂದೆ ಕಾಂಕ್ರೀಟು ಕಲಸುವ ಮಶೀನಿನ ಸದ್ದು. ಎಲ್ಲೋ ಕಟ್ಟಡದ ಕೆಲಸಕ್ಕೆ ಸೇರಿಕೊಂಡಿದ್ದ.

"ಮಾಮಾ, ಅಕ್ಕಗ ಹೇಳ್ರಿ, ನಾ ಬರೂದಿಲ್ಲಂತ."

ನಾನು ಬೈದೆ. ಜೀವನದಲ್ಲಿ ಬೈಯದಷ್ಟು ಬೈದೆ. ನಿನ್ನ ಸಲುವಾಗಿ ಹೈಕೋರ್ಟಿನ ಮೆಟ್ಟಿಲು ಸವೆಸಿದೆ, ನಿಮ್ಮ ಅಕ್ಕ ಊಟ ಬಿಟ್ಟಿದ್ದಾಳೆ, ಲಗ್ನಪತ್ರಿಕೆಯಲ್ಲಿ ಸೋದರಮಾವ ಎಂದು ನಿನ್ನ ಹೆಸರು ಹಾಕಿಸಿದ್ದೇವೆ ಎಂದೆ. ಅವನು ಎಲ್ಲದಕ್ಕೂ ಹೂಂ ಎಂದ. ಕೊನೆಗೆ ದನಿ ಸೋತು ಹೇಳಿದೆ.

"ನಾ ಮನಸ್ಸಿನ್ಯಾಗ ಏನೂ ಇಟ್ಟಿಲ್ಲೋ. ನಾನ ಕರೀಲಿಕ್ಕತ್ತೀನಲ್ಲ, ಬಾ."

"ಅದಕ್ಕರಿ ಮಾಮಾ," ಎಂದ. "ನೀವು ಕರೀಲಿಕ್ಕತ್ತೀರಿ ಅಂತನ ಬರಾಕ ಆಗವಲ್ದು. ಹೊಡದಿಲ್ಲ ಅನ್ನೂ ಸುಳ್ಳಾ ಇದ್ದಾಗ ಬರತಿದ್ದೆ. ಈಗ ಎಲ್ಲಾರ ಮುಂದ ಹೇಳೀನಿ. ಹೇಳಿದ ಬಾಯಿ ತಗೊಂಡು ಆ ಕೂಸಿನ ಹಿಂದ ಹ್ಯಾಂಗ ನಿಂದರ್ಲಿ?"

ಫೋನು ಇಟ್ಟ. ಮತ್ತೆ ಮಾಡಿದರೆ, ಅದು ಕೂಲಿಗಳನ್ನು ನೋಡಿಕೊಳ್ಳುವ ಮುಕಾದಮನ ಫೋನಂತೆ, ಅವನು ಆ ಸೈಟು ಬಿಟ್ಟು ಹೋದನಂತೆ.

ಮದುವೆ ನಿಲ್ಲಲಿಲ್ಲ. ಪತ್ರಿಕೆ ಹಂಚಿ ಆಗಿತ್ತು, ಊರಿನಿಂದ ಮಂದಿ ಬಂದು ಇಳಿದಾಗಿತ್ತು. ಕಾಂದಿವಲಿಯ ಹಾಲಿನಲ್ಲಿ ಮುಹೂರ್ತದ ಹೊತ್ತಿಗೆ ಪುರೋಹಿತರು, ಸೋದರಮಾವ ಯಾರ್ರಿ, ಬರ್ರಿ ಲಗೂನ ಎಂದು ಕೂಗಿದರು. ಮಗಳು ಕೋಣೆಯ ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತಿದ್ದಳು. ಹೆಂಡತಿಯ ದೊಡ್ಡಪ್ಪನ ಮಗನೊಬ್ಬ ಎದ್ದ. ಹೆಂಡತಿ ಅವನ ಕಡೆ ನೋಡಿದ ರೀತಿಗೆ ಹಾಗೇ ಕೂತ. ಪುರೋಹಿತರು ಮತ್ತೆ ಕೂಗಿದರು. ಗಂಡಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡತೊಡಗಿದರು.

ನಾನು ಹೋಗಿ ಮಗಳ ಕೈ ಹಿಡಿದೆ. ಅಪ್ಪ ತರಬಾರದ್ರಿ, ಪದ್ಧತಿ ಇಲ್ಲ, ಎಂದರು ಪುರೋಹಿತರು.

"ಇರ್ಲಿ ಬಿಡ್ರಿ," ಎಂದಳು ನನ್ನ ಹೆಂಡತಿ.

ಅಂತರಪಟ ಸರಿಯಿತು, ವಾದ್ಯ ಜೋರಾಯಿತು, ನಾಲ್ಕೂ ಕಡೆಯಿಂದ ಅಕ್ಷತೆ ಬಿತ್ತು. ಮಗಳ ಹಿಂದೆ ನಿಂತ ನನ್ನ ತಲೆಯ ಮೇಲೂ ಬಿತ್ತು. ಆ ಗಳಿಗೆಯಲ್ಲಿ ಅವಳಿಗೆ ಒಳ್ಳೆಯದಾಗಲಿ ಎಂದು ನಾನು ಹರಸಬೇಕಿತ್ತು. ಅವನನ್ನು ಬೈಯುತ್ತ ನಿಂತಿದ್ದೆ.